ಬಿಸಿಲಂಗಳಕ್ಕೆ ಹಲಗೆಯೋ ಬಂಡೆಯೋ?

ಮನೆ ಕಟ್ಟಿಸುವವರು ಒಳಗಿನ ನೆಲದ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಅಂಗಡಿ ಅಂಗಡಿ ಅಲೆದು, ಮಾದರಿ ತುಂಡುಗಳನ್ನು ಮನೆಗೆ ತಂದು, ಹಗಲ ಬೆಳಕಿನಲ್ಲಿ ಒಮ್ಮೆ ದೀಪದ ಬೆಳಕಿನಲ್ಲಿ ಒಮ್ಮೆ ನೋಡುತ್ತಾರೆ. ಹೊರಗಿನ ನೆಲದ ಮಾತು ಬರುವುದು ಗೃಹಪ್ರವೇಶಕ್ಕೆ ವಾರವಿದ್ದಾಗ, ಕೈಯಲ್ಲಿದ್ದ ದುಡ್ಡು ಮುಗಿಯುತ್ತ ಬಂದಾಗ. ಬಿಸಿಲು, ಧೂಳು, ಮಳೆ, ಗಾಡಿಯ ಚಕ್ರ ಎಲ್ಲವೂ ಬೀಳುವುದು ಮಾತ್ರ ಆ ಹೊರಗಿನ ನೆಲದ ಮೇಲೆಯೇ. ಈಚೆಗೆ ಈ ಅವಸರದ ಹೊತ್ತಿಗೆ ಸರಿಯಾಗಿ ಎದುರಾಗುವ ಸರಕೊಂದಿದೆ. ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಡೆಕ್ ಹಲಗೆ ಅದು. ‘ಮೇಂಟೆನೆನ್ಸ್ ಫ್ರೀ’ ಎಂದು ಅಂಗಡಿಯವರು ಹೇಳುತ್ತಾರೆ. ಬೆಂಗಳೂರಿನ ವಿಲ್ಲಾಗಳ ಹಿತ್ತಿಲಲ್ಲಿ, ಹೋಟೆಲುಗಳ ಮಹಡಿಯಲ್ಲಿ ಚೆಂದ ಕಾಣುವ ಈ ಪಟ್ಟಿ ಪಟ್ಟಿ ನೆಲ ಬಳ್ಳಾರಿಗೆ, ಅದರ ಹೊರವಲಯದ ಹಲಕುಂದಿಗೆ, ಆಚೆಗಿನ ಕುರುಗೋಡು, ಸಿರುಗುಪ್ಪಕ್ಕೆ ಹೊಂದುತ್ತದೆಯೇ? ಹೆಚ್ಚಿನ ಮನೆಗಳಿಗೆ ಹೊಂದುವುದಿಲ್ಲ ಎಂಬುದು ನನ್ನ ವಾದ. ‘ಪ್ಲಾಸ್ಟಿಕ್ ಕೆಟ್ಟದ್ದು, ಕಲ್ಲು ನಮ್ಮದು’ ಎಂಬ ಅಭಿಮಾನಕ್ಕೂ ಈ ವಾದಕ್ಕೂ ಸಂಬಂಧವಿಲ್ಲ. ಈ ಸೀಮೆಯಲ್ಲಿ ಹೊರಗಿನ ಯಾವ ನೆಲವೂ ಕದಲದೆ ಇರಲಾರದು. ಹಾಗಾಗಿ ಎಂದೂ ಕೆಡದ ನೆಲವನ್ನು ಹುಡುಕುವುದಕ್ಕಿಂತ, ಕೆಟ್ಟಾಗ ಕೆಟ್ಟಷ್ಟನ್ನೇ ಎತ್ತಿ, ಊರಿನ ಗೌಂಡಿಯೊಬ್ಬ ಅರ್ಧ ದಿನದಲ್ಲಿ ಸರಿಮಾಡಬಲ್ಲ ನೆಲವನ್ನು ಹುಡುಕುವುದು ಜಾಣತನ.

ಮೊದಲು ಇಲ್ಲಿನ ಹವೆಯ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಗಾಳಿಯ ಉಷ್ಣತೆ 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ನೆರಳಿಲ್ಲದ ಕಡುಬಣ್ಣದ ನೆಲ ಅಂಥ ಮಧ್ಯಾಹ್ನ 65 ಡಿಗ್ರಿಯ ಹತ್ತಿರ ಹೋಗುತ್ತದೆ. ಅದೇ ನೆಲ ಚಳಿಗಾಲದ ಬೆಳಗಿನ ಜಾವ 20 ಡಿಗ್ರಿಗಿಂತ ಕೆಳಗಿರುತ್ತದೆ. ಮಳೆ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಕೆಲವೇ ಜೋರು ಮಳೆಗಳಲ್ಲಿ ಸುರಿದು ಹೋಗುತ್ತದೆ. ಇದರ ಜೊತೆಗೆ ಧೂಳು. ಸಂಡೂರಿನ ಅದಿರು, ಅದನ್ನು ಹೊತ್ತ ಲಾರಿಗಳು, ಬಳ್ಳಾರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳು ಸೇರಿ ಅಂಗಳಕ್ಕೆ ಎರಡು ಬಗೆಯ ಧೂಳು ತರುತ್ತವೆ. ಅದಿರಿನ ಕೆಂಧೂಳು ಆಗಲೇ ತುಕ್ಕಾಗಿರುವ ಕಬ್ಬಿಣ, ಬಣ್ಣದ ಪುಡಿಯಂತೆ ಸಂದಿಯಲ್ಲಿ ಕೂರುತ್ತದೆ, ಗುಡಿಸಿದರೆ ಬಹುಪಾಲು ಹೋಗುತ್ತದೆ. ಕಾರ್ಖಾನೆಯಿಂದ ಹಾರಿಬರುವ ಕಬ್ಬಿಣದ ಸಣ್ಣ ಕಣ ಹಾಗಲ್ಲ. ಅದು ನೆಲದ ಮೇಲೆ ಕೂತು, ಮೊದಲ ಮಳೆಗೆ ಅಲ್ಲೇ ತುಕ್ಕು ಹಿಡಿದು, ಕಂದು ಚುಕ್ಕೆಯಾಗಿ ಒಳಗಿಳಿಯುತ್ತದೆ. ಹಾಲುಬಿಳಿ ಟೈಲ್ಸಿನ ಅಂಗಳ ಬಯಸುವವರು ಮನೆ ಕಾರ್ಖಾನೆಯ ಗಾಳಿಯ ದಿಕ್ಕಿನಲ್ಲಿದೆಯೇ ಎಂದು ಮೊದಲು ನೋಡಬೇಕು.

ಹಲಗೆ ನೆಲದ ಹುಟ್ಟಿನ ಕತೆಯನ್ನು ತಿಳಿದರೆ ಅದರ ಗುಣ, ಮಿತಿ ಎರಡೂ ಅರ್ಥವಾಗುತ್ತವೆ. ಅಮೆರಿಕದಲ್ಲಿ ಮನೆಯ ಹಿಂದೆ ಮರದ ಡೆಕ್ ಹಾಕುವುದು ವಾಡಿಕೆ. ಅಲ್ಲಿನ ಹಿಮ, ಮಳೆಗೆ ಮರ ಕೊಳೆಯದಿರಲೆಂದು ಆರ್ಸೆನಿಕ್ ಸೇರಿದ ರಾಸಾಯನಿಕವನ್ನು ಪೈನ್ ಮರಕ್ಕೆ ಒತ್ತಡದಲ್ಲಿ ಕುಡಿಸುತ್ತಿದ್ದರು. 2003ರ ಕೊನೆಗೆ ವಾಸದ ಮನೆಗಳಿಗೆ ಆ ಮರದ ತಯಾರಿಕೆ ನಿಂತಿತು. 1990ರ ದಶಕದಲ್ಲೇ ಮಾರುಕಟ್ಟೆಗೆ ಬಂದಿದ್ದ ಮರ-ಪ್ಲಾಸ್ಟಿಕ್ ಹಲಗೆಗೆ ಆಗ ದೊಡ್ಡ ದಾರಿ ತೆರೆಯಿತು. ಅದು ಕೊಳೆಯದು, ಸಿಬಿರು ಏಳದು, ವರ್ಷ ವರ್ಷ ಎಣ್ಣೆ ಬಳಿಯಬೇಕಿಲ್ಲ. ತೇವದ ರೋಗಕ್ಕೆ ಹುಟ್ಟಿದ ಮದ್ದು ಅದು, ಒಳ್ಳೆಯ ಮದ್ದೇ. ಬಳ್ಳಾರಿಯ ರೋಗ ತೇವವಲ್ಲ. ಇಲ್ಲಿ ಮರ ಕೊಳೆಯುವುದಕ್ಕೆ ಮೊದಲೇ ಒಣಗಿ ಸೀಳುತ್ತದೆ, ಬಿಸಿಲಿನ ನೇರಳಾತೀತ ಕಿರಣಕ್ಕೆ ಬೂದಿಬಣ್ಣವಾಗುತ್ತದೆ, ನೆಲಕ್ಕೆ ತಾಗಿದಲ್ಲಿ ಗೆದ್ದಲು ಹತ್ತುತ್ತದೆ. ಸಾಗುವಾನಿ ಇದೆಲ್ಲವನ್ನೂ ಉಳಿದ ಮರಗಳಿಗಿಂತ ಚೆನ್ನಾಗಿ ತಾಳುತ್ತದೆ, ನಿಜ. ಆದರೂ ಕರಾವಳಿಯ ಅಥವಾ ಮಲೆನಾಡಿನ ಹವೆಗೆ ಆರಿಸಿದ ಹಲಗೆ ಇಲ್ಲಿನ ಒಣಗಾಳಿಗೆ ಬಂದ ಮೇಲೆ ಇನ್ನಷ್ಟು ಕುಗ್ಗುತ್ತದೆ. ಎಣ್ಣೆ ಬಳಿಯುವುದನ್ನು ಬಿಟ್ಟರೆ ಸಣ್ಣ ಸೀಳುಗಳಲ್ಲಿ ಧೂಳು ಸೇರುತ್ತದೆ. ಬಯಲಿನಲ್ಲಿ ಸಾಗುವಾನಿ ನೆಲ ಹಾಕಿಸುವಷ್ಟು ಅನುಕೂಲವಿದ್ದವರಿಗೆ ಅದನ್ನು ನೋಡಿಕೊಳ್ಳುವ ಆಳೂ ಇರಬಹುದು. ಅವರ ಮಾತು ಇಲ್ಲಿ ಬೇಡ.

ಪ್ಲಾಸ್ಟಿಕ್ ಬೆರೆತ ಹಲಗೆ ಗೆದ್ದಲನ್ನೂ ಸೀಳನ್ನೂ ತಪ್ಪಿಸಿಕೊಳ್ಳುತ್ತದೆ. ಸಿಕ್ಕಿಬೀಳುವುದು ಬಿಸಿಗೆ. ಬಿಸಿಯಾದಾಗ ವಸ್ತುಗಳೆಲ್ಲ ಹಿಗ್ಗುತ್ತವೆ, ಎಷ್ಟು ಎಂಬುದೇ ಪ್ರಶ್ನೆ. ಒಂದು ಮೀಟರ್ ಗ್ರಾನೈಟ್ ಪ್ರತಿ ಡಿಗ್ರಿಗೆ ಮೀಟರಿನ ಹತ್ತು ಲಕ್ಷದಲ್ಲಿ ಸುಮಾರು 8 ಪಾಲು ಹಿಗ್ಗಿದರೆ, ಮರ-ಪ್ಲಾಸ್ಟಿಕ್ ಹಲಗೆ 30ರಿಂದ 60 ಪಾಲು ಹಿಗ್ಗುತ್ತದೆ, ಬೆರೆಸಿದ ಪ್ಲಾಸ್ಟಿಕ್ ಹೆಚ್ಚಾದಷ್ಟೂ ಇನ್ನೂ ಹೆಚ್ಚು. ಜನವರಿಯ ಬೆಳಗು ಮತ್ತು ಮೇ ಮಧ್ಯಾಹ್ನದ ನಡುವೆ ನೆಲದ ಬಿಸಿ 45 ಡಿಗ್ರಿ ಏರಿತು ಎನ್ನೋಣ. ಹನ್ನೆರಡು ಅಡಿಯ ಹಲಗೆ ಸುಮಾರು ಐದರಿಂದ ಹತ್ತು ಮಿಲಿಮೀಟರ್ ಉದ್ದವಾಗುತ್ತದೆ. ಎರಡಡಿಯ ಗ್ರಾನೈಟ್ ಬಂಡೆ ಕಾಲು ಮಿಲಿಮೀಟರ್ ಕೂಡ ಆಗುವುದಿಲ್ಲ, ಆ ಕಾಲು ಮಿಲಿಮೀಟರನ್ನೂ ಪಕ್ಕದ ಸಂದಿ ನುಂಗಿಕೊಳ್ಳುತ್ತದೆ. ಹಲಗೆಗೆ ಅಷ್ಟು ಜಾಗ ಬಿಡುವುದು ಕಷ್ಟವೇನಲ್ಲ, ಬಲ್ಲ ಕೆಲಸಗಾರ ಬಿಡುತ್ತಾನೆ. ಚಳಿಗಾಲದಲ್ಲಿ, ಹಲಗೆ ಕುಗ್ಗಿರುವಾಗ, ಸಂದಿ ಚೆಂದ ಕಾಣಲೆಂದು ಬಿಗಿಯಾಗಿ ಜೋಡಿಸಿದರೆ ಏಪ್ರಿಲ್‌ನಲ್ಲಿ ಬಿಲ್ಲಿನಂತೆ ಎದ್ದು ನಿಲ್ಲುವುದು ಖಂಡಿತ. ಜೋಡಿಸುವವರು ಬೇರೆ ಊರಿನಿಂದ ಬಂದು ಹೋದವರಾದರೆ ಅದನ್ನು ಬಿಚ್ಚಿ ಕೂರಿಸುವ ಕ್ಲಿಪ್ಪು, ಸ್ಕ್ರೂ, ಅದೇ ಬಣ್ಣದ ಹಲಗೆ ಊರಿನಲ್ಲಿ ಸಿಗುವುದೇ? ನಾಲ್ಕು ವರ್ಷದ ಬಿಸಿಲಿಗೆ ಮಾಸಿದ ಹಲಗೆಯ ನಡುವೆ ಹೊಸದೊಂದು ಹಲಗೆ ತೇಪೆಯಾಗಿಯೇ ಕಾಣುತ್ತದೆ.

ಇನ್ನೊಂದು ಸಂಗತಿಯನ್ನು ಮಾರುವವರ ಪುಸ್ತಿಕೆ ಹೇಳುವುದಿಲ್ಲ. ಹಲಗೆ ನೆಲ ಚೌಕಟ್ಟಿನ ಮೇಲೆ ನಿಲ್ಲುತ್ತದೆ, ಕೆಳಗೆ ಮೂರು-ನಾಲ್ಕು ಅಂಗುಲ ಟೊಳ್ಳು. ಹಲಗೆ ಹಲಗೆಯ ನಡುವಿನ ಸಂದಿಯಿಂದ ಧೂಳು, ಬೇವಿನೆಲೆ, ಅನ್ನದ ಅಗುಳು ಎಲ್ಲ ಕೆಳಗಿಳಿಯುತ್ತವೆ. ಗುಡಿಸಿದಷ್ಟೂ ಒಳಗೇ ತುಂಬುತ್ತದೆ. ನೆರಳು, ತಂಪು, ಮೇವು ಮೂರೂ ಇರುವ ಆ ಟೊಳ್ಳಿಗೆ ಚೇಳು, ಇಲಿ, ಇಲಿಯ ಹಿಂದೆ ಹಾವು ಬರುವುದು ಬಯಲುಸೀಮೆಯಲ್ಲಿ ಹೆದರಿಸಲು ಹೇಳುವ ಮಾತಲ್ಲ. ಮಕ್ಕಳು ಬರಿಗಾಲಲ್ಲಿ ಆಡುವ ಅಂಗಳದಲ್ಲಿ ಕಣ್ಣಿಗೆ ಬೀಳದ ಜಾಗವೊಂದನ್ನು ನಾವೇ ದುಡ್ಡು ಕೊಟ್ಟು ಕಟ್ಟಿಸಿದಂತೆ.

ಟೈಲ್ಸಿನ ವಿಷಯ ಬೇಗ ಮುಗಿಸಬಹುದು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ತನ್ನ ತೂಕದ ಶೇಕಡ ಅರ್ಧಕ್ಕಿಂತ ಕಡಿಮೆ. ಕಲೆ ಬೇಗ ಹತ್ತದು, ಬಣ್ಣ ಮಾಸದು. ವಸ್ತುವಾಗಿ ಅದರಲ್ಲಿ ದೋಷವಿಲ್ಲ, ದೋಷವಿರುವುದು ನಾವು ಅದನ್ನು ಕೂರಿಸುವ ರೀತಿಯಲ್ಲಿ. ನಾಲ್ಕಡಿಗೆ ಎರಡಡಿಯ ಟೈಲ್ಸನ್ನು ಸಂದಿಯೇ ಕಾಣದಂತೆ, ಗೋಡೆಯಿಂದ ಗೋಡೆಗೆ, ಬಿಸಿಲಿನ ಮಹಡಿಯ ಮೇಲೆ ಅಂಟಿಸುತ್ತಾರೆ. ಮೂವತ್ತಡಿಯ ಸಾಲು ಬೇಸಿಗೆಯಲ್ಲಿ ಸುಮಾರು ಮೂರು ಮಿಲಿಮೀಟರ್ ಹಿಗ್ಗಲು ಜಾಗ ಹುಡುಕುತ್ತದೆ. ಸಿಗದಿದ್ದಾಗ ಒಂದು ಮಧ್ಯಾಹ್ನ ಪಟಾರೆಂದು ಎರಡು ಟೈಲ್ಸ್ ಗುಡಾರದಂತೆ ಮೇಲೇಳುತ್ತವೆ. ಮನೆಯವರು ಕಂಪನಿಯನ್ನು ಬೈಯುತ್ತಾರೆ. ಹತ್ತು-ಹನ್ನೆರಡು ಅಡಿಗೊಂದು ಮೆತ್ತನೆಯ ಸೀಲೆಂಟ್ ತುಂಬಿದ ಸಂದಿ, ಗೋಡೆಯ ಬುಡದಲ್ಲಿ ಅರ್ಧ ಅಂಗುಲ ಬಿಡುವು, ಚಿಕ್ಕ ಅಳತೆಯ ಒರಟು ಮೈಯ ಟೈಲ್ಸ್ ಇಷ್ಟಿದ್ದರೆ ಮಹಡಿಯ ಮೇಲೆ ಅವು ಚೆನ್ನಾಗಿಯೇ ಬಾಳುತ್ತವೆ. ನುಣುಪು ಟೈಲ್ಸಿನ ಮೇಲೆ ತೆಳು ಧೂಳು, ಅದರ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಏನಾಗುತ್ತದೆಂದು ಮನೆಯ ಹಿರಿಯರನ್ನು ಕೇಳಬೇಕಿಲ್ಲ.

ಇನ್ನು ಬಂಡೆ. ಬಳ್ಳಾರಿಯವರಿಗೆ ಕಲ್ಲಿನ ಬರ ಎಂದೂ ಬಂದಿಲ್ಲ. ಊರ ನಡುವೆ ನಿಂತ ಗುಡ್ಡವೇ ಕಲ್ಲು. ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕಪ್ಪು ಡೋಲರೈಟಿನಿಂದ ಕೊಡಲಿ ಮಾಡುತ್ತಿದ್ದರು. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಬಸವ, ಹಂಪಿಯ ಮಂಟಪಗಳ ನೆಲ ಎಲ್ಲ ಈ ಸೀಮೆಯ ಕಣಶಿಲೆಯೇ. ನೆಲಕ್ಕೆ ಹಾಸುವ ಪದರುಗಲ್ಲು ಮಾತ್ರ ಪೂರ್ವದಿಂದ ಬರುತ್ತದೆ: ತಾಡಿಪತ್ರಿ, ಬೇತಂಚೆರ್ಲ, ಕಡಪದ ಸುಣ್ಣಗಲ್ಲು. ಇದು ಹೊಸ ನಂಟಲ್ಲ. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿ, ಕಡಪ ಎರಡೂ ಇದ್ದವು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ತಾಡಿಪತ್ರಿ ಬಳ್ಳಾರಿ ಜಿಲ್ಲೆಗೇ ಸೇರಿತ್ತು. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದ ಮೇಲೂ ಬಂಡೆಯ ಗಾಡಿ ಗಡಿ ದಾಟಿ ಬರುವುದು ನಿಲ್ಲಲಿಲ್ಲ. ಉತ್ತರದಿಂದ ಶಹಾಬಾದಿನ ಬೂದು ಫರಸಿಯೂ ಬರುತ್ತದೆ.

ಕಲ್ಲೆಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನು ಬಂಡೆಯ ಪರವಾಗಿ ಮಾತಾಡುವವರು ಮುಚ್ಚಿಡಬಾರದು. ಕಡಪದ ಕರಿಬಂಡೆ ಮನೆಯೊಳಗೆ ಎಷ್ಟು ಚೆಂದವೋ ಬಯಲಿನಲ್ಲಿ ಅಷ್ಟೇ ತೊಂದರೆ. ಬಿಸಿಲಿಗೆ ಕಪ್ಪು ಹೋಗಿ ಬೂದಿಯಾಗುತ್ತದೆ, ಬಿಸಿಲಿನ ಬಹುಪಾಲನ್ನು ಹೀರಿ ಕಾದಿರುತ್ತದೆ, ನೆಲದ ಉಪ್ಪು ಮೇಲೇರಿದರೆ ಹಪ್ಪಳಿಕೆ ಹಪ್ಪಳಿಕೆಯಾಗಿ ಪದರು ಬಿಡುತ್ತದೆ. ತುಂಗಭದ್ರಾ ಕಾಲುವೆಯ ನೀರು ಉಂಡ ಸಿರುಗುಪ್ಪ, ಕುರುಗೋಡಿನ ಕೆಲವು ಭಾಗಗಳಲ್ಲಿ ಭೂಮಿ ಚೌಳಾಗಿರುವುದು ರೈತರೆಲ್ಲರಿಗೂ ಗೊತ್ತು. ಅದೇ ಉಪ್ಪು ನೀರಿನ ಜೊತೆ ಬಂಡೆಯ ಸೂಕ್ಷ್ಮ ರಂಧ್ರಕ್ಕೇರಿ, ನೀರಾರಿದ ಮೇಲೆ ಹರಳುಗಟ್ಟಿ ಪದರನ್ನು ಒಳಗಿನಿಂದ ತಳ್ಳುತ್ತದೆ. ಅಂಥ ಜಾಗದಲ್ಲಿ ಸುಣ್ಣಗಲ್ಲಿನ ಕೆಳಗೆ ನಾಲ್ಕು ಅಂಗುಲ ದಪ್ಪ ಜಲ್ಲಿ ಹಾಕಿದರೆ ನೀರು ಏರುವ ದಾರಿ ತುಂಡಾಗುತ್ತದೆ. ಇನ್ನೊಂದು ಎಚ್ಚರ: ಸುಣ್ಣಗಲ್ಲನ್ನು ಆಸಿಡ್ ಹಾಕಿ ತೊಳೆಯಬಾರದು. ಕಲೆಯ ಜೊತೆ ಕಲ್ಲಿನ ಮೈಯೂ ನೊರೆಯಾಗಿ ಹೋಗುತ್ತದೆ. ಇಷ್ಟೆಲ್ಲ ಜಂಜಾಟ ಬೇಡವೆನ್ನುವವರಿಗೆ ತಿಳಿಬೂದು ಗ್ರಾನೈಟ್ ಇದೆ. ಉಪ್ಪಿಗೂ ಆಸಿಡ್‌ಗೂ ತುಕ್ಕಿನ ಚುಕ್ಕೆಗೂ ಅದು ಬೇಗ ಜಗ್ಗುವುದಿಲ್ಲ. ಪಾಲಿಶ್ ಮಾಡಿದ್ದು ಮಾತ್ರ ಬೇಡ. ಬೆಂಕಿಯ ಉರಿ ಹಾಯಿಸಿ ಮೈ ಸಿಡಿಸಿ ಒರಟು ಮಾಡಿದ್ದು ಅಥವಾ ಉಳಿಯಿಂದ ಚಿಟ್ಟು ಹೊಡೆದದ್ದು ಬೇಕು.

ಬಂಡೆ ಯಾವುದಾದರೂ ಆಗಲಿ, ಅದರ ಆಯುಷ್ಯವನ್ನು ಬರೆಯುವುದು ಕೆಳಗಿನ ಮಣ್ಣು. ಬಳ್ಳಾರಿಯಿಂದ ಉತ್ತರಕ್ಕೆ ಹೋದಂತೆ ಹರಡಿರುವ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಒಂದೇ ತಟ್ಟೆಯಾಗಿ ಸುರಿದ ಕಾಂಕ್ರೀಟು, ಕಾಂಕ್ರೀಟಿಗೆ ಅಂಟಿಸಿದ ಬಂಡೆ ಎರಡೂ ಮೂರನೇ ಮಳೆಗೆ ಸೀಳುವುದು ಆಶ್ಚರ್ಯವಲ್ಲ. ಈ ಮಣ್ಣಿನ ಮೇಲೆ ಆಳವಾಗಿ ಕೆಲಸ ಮಾಡಿದವರು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ. ಉಬ್ಬುವ ಎರೆಯ ಮೇಲೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಸುಮಾರು ಒಂದು ಮೀಟರ್ ದಪ್ಪ ಒತ್ತಿ ಹಾಕಿದರೆ ಕೆಳಗಿನ ಉಬ್ಬರ ಮೇಲೆ ಬರುವುದು ಬಹುಮಟ್ಟಿಗೆ ನಿಲ್ಲುತ್ತದೆ ಎಂದು ಅವರು ತೋರಿಸಿದರು. ಕಾಲುವೆಗಳಿಗೆ ಆ ವಿಧಾನ ಬಳಕೆಗೆ ಬಂತು. ಮನೆಯಂಗಳಕ್ಕೆ ಒಂದು ಮೀಟರ್ ಅಗೆದು ತುಂಬುವ ಶಕ್ತಿ ಎಲ್ಲರಿಗೂ ಇರದು. ಒಂದೂವರೆ ಅಡಿ ಎರೆ ತೆಗೆದು ಗರಸು ತುಂಬಿ ಒತ್ತಿ, ಮೇಲೆ ಎರಡಂಗುಲ ಕ್ರಷರ್ ಪುಡಿ ಹಾಸಿ, ಬಂಡೆಯನ್ನು ಸಿಮೆಂಟಿಲ್ಲದೆ ಸುಮ್ಮನೆ ಕೂರಿಸಿದರೆ ಸಾಕು. ನೆಲ ಆಗಲೂ ಅಲ್ಲಿಷ್ಟು ಇಲ್ಲಿಷ್ಟು ಏರಿಳಿಯುತ್ತದೆ. ಸೀಳುವುದಿಲ್ಲ, ಏಕೆಂದರೆ ಪ್ರತಿ ಬಂಡೆಯೂ ತನ್ನಷ್ಟಕ್ಕೆ ಕದಲಬಲ್ಲದು. ಮಳೆಗಾಲ ಮುಗಿದ ಮೇಲೆ ತಗ್ಗಿದ ಬಂಡೆಯನ್ನು ಹಾರೆಯಿಂದ ಎತ್ತಿ, ಬುಡಕ್ಕೆ ಒಂದು ಬುಟ್ಟಿ ಪುಡಿ ಹಾಕಿ ಮತ್ತೆ ಕೂರಿಸುವುದು, ಇದೇ ಇದರ ಆರೈಕೆ. ಇಂಟರ್‌ಲಾಕ್ ಪೇವರ್ ಕೂಡ ಇದೇ ತತ್ವದ ಮೇಲೆ ನಿಂತಿದೆ. ಗಾಡಿ ನಿಲ್ಲಿಸುವ ಜಾಗಕ್ಕೆ ಅದು ಬಂಡೆಗಿಂತ ವಾಸಿ ಎಂದೂ ಹೇಳಬಹುದು. ಮೇಲಿನ ಬಣ್ಣ ಮಾಸುವುದನ್ನು ಸಹಿಸಿಕೊಳ್ಳಬೇಕಷ್ಟೆ.

ಬಂಡೆಯ ವಿರುದ್ಧ ಬರುವ ಗಟ್ಟಿಯಾದ ಆಕ್ಷೇಪ ಬಿಸಿಯದ್ದು, ಅದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. 60 ಡಿಗ್ರಿ ಕಾದ ಮರವನ್ನು ಮೆಟ್ಟಿದರೆ ಕಾಲು ಚುರುಗುಟ್ಟುತ್ತದೆ. ಅಷ್ಟೇ ಕಾದ ಗ್ರಾನೈಟ್ ಸುಟ್ಟೇಬಿಡುತ್ತದೆ, ಏಕೆಂದರೆ ಕಲ್ಲು ತನ್ನೊಳಗಿನ ಬಿಸಿಯನ್ನು ಕಾಲಿಗೆ ಬಲುಬೇಗ ದಾಟಿಸುತ್ತದೆ. ಹಗಲು ಕುಡಿದ ಬಿಸಿಯನ್ನು ರಾತ್ರಿ ಹತ್ತರವರೆಗೂ ಉಗುಳುತ್ತಲೂ ಇರುತ್ತದೆ. ಹಲಗೆ ನೆಲದವರು ಇಲ್ಲಿ ಗೆದ್ದೆವೆಂದು ಹೇಳಬಹುದು. ಮರ-ಪ್ಲಾಸ್ಟಿಕ್ ಹಲಗೆಯೂ ನೇರ ಬಿಸಿಲಿನಲ್ಲಿ ಬರಿಗಾಲಿಗೆ ಸುಡುತ್ತದೆ ಎಂದು ಮಾಡುವ ಕಂಪನಿಗಳೇ ಎಚ್ಚರಿಸುತ್ತವೆ ಎಂಬುದು ಅರ್ಧ ಉತ್ತರ. ಉಳಿದರ್ಧ ನೀರಿನಲ್ಲಿದೆ. ಒಂದು ಲೀಟರ್ ನೀರು ಆರಿಹೋಗುವಾಗ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ಒಯ್ಯುತ್ತದೆ. ಎರಡಂಗುಲ ದಪ್ಪದ ಒಂದು ಚದರ ಮೀಟರ್ ಗ್ರಾನೈಟನ್ನು 20 ಡಿಗ್ರಿ ತಣಿಸಲು ಲೆಕ್ಕದ ಪ್ರಕಾರ ಅಷ್ಟು ಸಾಕು. ಬಳ್ಳಾರಿಯ ಬೇಸಿಗೆಯ ಒಣಗಾಳಿ ಆ ನೀರನ್ನು ಬೇಗ ಕುಡಿಯುತ್ತದೆ. ಸಂಜೆ ಅಂಗಳಕ್ಕೆ ನೀರು ಚಿಮುಕಿಸುವ ಹಳೆಯ ಪದ್ಧತಿಯಲ್ಲಿ ಇಷ್ಟು ಗಣಿತವಿದೆ. ಹಲವು ದಿನಕ್ಕೊಮ್ಮೆ ನಲ್ಲಿ ನೀರು ಕಾಣುವ ಬಡಾವಣೆಯಲ್ಲಿ ಆ ನೀರೂ ದುಬಾರಿ ಎಂದರೆ ಒಪ್ಪುತ್ತೇನೆ. ಅಲ್ಲಿ ಪಡುವಣಕ್ಕೆ ಒಂದು ಬೇವು, ಅದು ಬೆಳೆಯುವವರೆಗೆ ಒಂದು ಚಪ್ಪರ. ನೆರಳು ಬಿದ್ದಲ್ಲಿ ಹಿಗ್ಗುವುದು, ಮಾಸುವುದು, ಸುಡುವುದು ಮೂರೂ ಒಟ್ಟಿಗೆ ತಗ್ಗುತ್ತವೆ. ಹೊರನೆಲಕ್ಕೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ನೆರಳಿಗೆ ಕೊಡದವರು ಯಾವ ಸರಕು ಹಾಕಿಸಿದರೂ ಅರ್ಧ ದುಡ್ಡು ಬಿಸಿಲಿಗೆ ಹಾಕಿದಂತೆಯೇ.

ಎರಡನೆಯ ಆಕ್ಷೇಪ ಮಹಡಿಯ ಮೇಲಿನ ನೆಲದ್ದು, ಅಲ್ಲಿ ನನ್ನ ವಾದ ಒಂದಿಷ್ಟು ಹಿಂದೆ ಸರಿಯುತ್ತದೆ. ಎರಡಂಗುಲದ ಗ್ರಾನೈಟ್ ಚದರ ಮೀಟರಿಗೆ 135 ಕಿಲೋ ತೂಗುತ್ತದೆ. ಜನ ಓಡಾಡುವ ಮಹಡಿಯ ಛಾವಣಿಗೆ ಎಂಜಿನಿಯರು ಲೆಕ್ಕ ಹಾಕುವ ಓಡಾಟದ ಭಾರವೇ ಚದರ ಮೀಟರಿಗೆ ಸುಮಾರು 150 ಕಿಲೋ. ಕಟ್ಟಿ ಮುಗಿದ ಮನೆಯ ಮೇಲೆ ದಪ್ಪ ಬಂಡೆ ಹೇರುವುದು ಸಲ್ಲದು. ಅದೂ ಅಲ್ಲದೆ, ಮೇಲೆ ಎತ್ತಿ ಕಟ್ಟಿದ ಹಲಗೆ ನೆಲ ಛಾವಣಿಗೆ ನೆರಳಾಗುತ್ತದೆ, ನಡುವೆ ಗಾಳಿ ಆಡುತ್ತದೆ, ಕೆಳಗಿನ ಕೋಣೆ ತಂಪಾಗುತ್ತದೆ. ಇದು ಅದರ ನಿಜವಾದ ಗುಣ. ಆದರೆ ಅದೇ ತಂಪನ್ನು ಬಿಳಿ ಬಣ್ಣ ಬಹಳ ಅಗ್ಗಕ್ಕೆ ಕೊಡುತ್ತದೆ. ಹೊಸದಾಗಿ ಬಳಿದ ಸುಣ್ಣ ಬಿಸಿಲಿನ ಮುಕ್ಕಾಲು ಪಾಲನ್ನು ಹಾಗೇ ಹಿಂದಕ್ಕೆ ಕಳಿಸುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ತಂದಿದೆ. ಒಡೆದ ಪಿಂಗಾಣಿ ಚೂರುಗಳ ಬಿಳಿ ನೆಲವೋ, ಸಂದಿ ಬಿಟ್ಟು ಹಾಕಿದ ತೆಳು ಬಿಳಿ ಟೈಲ್ಸೋ ಮಹಡಿಗೆ ಸರಿ. ಸಂಜೆ ಕೂರುವ ಮೂಲೆಗೊಂದಿಷ್ಟು ಹಲಗೆ ಬೇಕೇಬೇಕೆಂದರೆ ಚಪ್ಪರದ ಕೆಳಗೆ, ಎರಡಡಿಯ ಚೌಕ ಚೌಕ ತುಂಡುಗಳಾಗಿ, ಎತ್ತಿ ಗುಡಿಸಲು ಬರುವಂತೆ ಹಾಕಿಸಲಿ.

ಮಾಳಿಗೆಯ ಮಾತು ಬಂದಾಗ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ಈ ಸೀಮೆಯ ಮಣ್ಣಿನ ಮಾಳಿಗೆಗಳಿಗೆ ಮಳೆಗಾಲಕ್ಕೆ ಮುಂಚೆ ಚೌಳುಮಣ್ಣು ಹಾಕಿ ಬಡಿಯುತ್ತಿದ್ದರು. ಬೆಳೆಗೆ ಬೇಡವಾದ ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಮೊದಲ ಮಳೆಗೆ ಅದರ ಜೇಡಿಕಣ ಚದುರಿ ಉಬ್ಬಿ, ರಂಧ್ರಗಳನ್ನೆಲ್ಲ ಮುಚ್ಚಿ, ನೀರಿಳಿಯದಂತೆ ತಡೆಯುತ್ತದೆ. ಆರೈಕೆ ಬೇಕಿಲ್ಲದ ಛಾವಣಿ ಅದಲ್ಲ, ಪ್ರತಿವರ್ಷ ಕೆಲಸ ಬೇಡುತ್ತಿತ್ತು. ಆದರೆ ಬೇಕಾದ ಸರಕು ಊರ ಹೊರಗೆ ಪುಕ್ಕಟೆ ಸಿಗುತ್ತಿತ್ತು, ಕೆಲಸ ಮನೆಯವರಿಗೇ ಗೊತ್ತಿತ್ತು. ಇಂದಿನವರಿಗೆ ಅಷ್ಟು ಬಿಡುವಿಲ್ಲ ಎಂಬುದು ಸರಿಯಾದ ಮಾತೇ, ಮಣ್ಣಿನ ಮಾಳಿಗೆಗೆ ಮರಳಿ ಹೋಗಿರೆಂದು ಯಾರೂ ಹೇಳಬೇಕಿಲ್ಲ. ಹತ್ತು ವರ್ಷ, ಹದಿನೈದು ವರ್ಷ ಎಂದು ಹಲಗೆಯ ಜೊತೆ ಬರುವ ವಾರಂಟಿ ಕಾಗದವನ್ನು ಓದುವಾಗ ಮಾತ್ರ ಇದು ನೆನಪಿರಬೇಕು. ಬಣ್ಣ ಮಾಸುವುದು, ಬಿಸಿಗೆ ಬಾಗುವುದು, ಜೋಡಣೆಯ ತಪ್ಪು ಅದರಿಂದ ಹೊರಗಿರುವುದುಂಟು. ಹಲಗೆ ಬದಲಿಸಿ ಕೊಟ್ಟರೂ ಜೋಡಿಸುವ ಕೂಲಿ ನಮ್ಮದೇ ಆಗಿರುವುದುಂಟು. ಸಿರುಗುಪ್ಪದ ಅಕ್ಕಿ ಗಿರಣಿಗಳ ಹೊಟ್ಟನ್ನೇ ಪ್ಲಾಸ್ಟಿಕ್ಕಿಗೆ ಬೆರೆಸಿ ಇಲ್ಲೇ ಹಲಗೆ ಮಾಡುವ, ಇಲ್ಲೇ ರಿಪೇರಿ ಸಿಗುವ ದಿನ ಬಂದರೆ ಈ ಲೆಕ್ಕವನ್ನು ಹೊಸದಾಗಿ ಹಾಕಬಹುದು. ಭತ್ತದ ಹೊಟ್ಟಿನ ಹಲಗೆ ದೇಶದಲ್ಲಿ ಈಗಾಗಲೇ ತಯಾರಾಗುತ್ತಿದೆ.

ಗೌಂಡಿಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಮನೆಯ ಗೋಡೆಯಿಂದ ಹೊರಕ್ಕೆ ಹತ್ತಡಿಗೆ ಎರಡಂಗುಲ ಇಳಿಜಾರು ಇರಲಿ, ಇಲ್ಲದಿದ್ದರೆ ಎರೆಯ ಉಬ್ಬರ ಅಡಿಪಾಯದ ಬುಡದಲ್ಲೇ ಶುರುವಾಗುತ್ತದೆ. ಸಂದಿಗೆ ಸಿಮೆಂಟು ತುಂಬದೆ ಪುಡಿ ತುಂಬಿಸಿ. ‘ಸಿಮೆಂಟ್ ಹಾಕಿದರೆ ಗಟ್ಟಿ ಸಾರ್’ ಎಂದು ಅವನು ಎರಡು ಸಲವಾದರೂ ಹೇಳುತ್ತಾನೆ. ಸಂದಿಯಲ್ಲಿ ಹುಲ್ಲು ಮೊಳೆಯುವುದೂ ಉಂಟು, ಮಳೆಗಾಲದಲ್ಲಿ ಎರಡು ಸಲ ಕಿತ್ತರಾಯಿತು. ಗೇಟಿನ ಬಳಿ, ಚಕ್ರ ಹಾಯುವ ಸಾಲಿಗೆ ಮೂರಂಗುಲದ ಬಂಡೆ ತೆಗೆದುಕೊಳ್ಳಿ, ಉಳಿದೆಡೆ ಎರಡಂಗುಲ ನಡೆಯುತ್ತದೆ. ಲೆಕ್ಕಕ್ಕಿಂತ ಹತ್ತರಲ್ಲಿ ಒಂದು ಪಾಲು ಬಂಡೆಯನ್ನು ಹೆಚ್ಚಿಗೆ ತರಿಸಿ, ಕಾಂಪೌಂಡಿಗೆ ಒರಗಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಗಣಿಯ ಕಲ್ಲಾದರೂ ಮುಂದಿನ ಲೋಡಿನ ಬಣ್ಣ ಬೇರೆಯೇ ಇರುತ್ತದೆ.